ವ್ಯಕ್ತಿತ್ವವನ್ನು ಐದು ಗುಣಗಳಲ್ಲಿ ಓದುವುದು: ಮುಂಬಯಿ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಮದುವೆ ಮಾತುಕತೆಯಲ್ಲಿ ‘ಹುಡುಗ ಸ್ವಲ್ಪ ಮೌನಿ’ ಎನ್ನುತ್ತೇವೆ. ಹೋಟೆಲಿನ ಗಲ್ಲಾದಲ್ಲಿ ಕೂರಿಸಲು ಜನ ಹುಡುಕುವಾಗ ‘ನಂಬಿಗಸ್ತ, ಆದರೆ ಮುಂಗೋಪಿ’ ಎನ್ನುತ್ತೇವೆ. ಬಾಂದ್ರಾ-ಕುರ್ಲಾ ಕಡೆಯ ಕಚೇರಿಗೆ ಹೊಸದಾಗಿ ಸೇರಿದ ಮಗಳು ಆನ್‌ಲೈನ್ ಪರೀಕ್ಷೆಯೊಂದನ್ನು ಬರೆದು, ನಾಲ್ಕು ಇಂಗ್ಲಿಷ್ ಅಕ್ಷರಗಳ ಹಣೆಪಟ್ಟಿ ಹೊತ್ತು ಡೊಂಬಿವಲಿಯ ಮನೆಗೆ ಬರುತ್ತಾಳೆ. ಮನುಷ್ಯರನ್ನು ಅಳೆಯುವ ಕೆಲಸವನ್ನು ನಾವು ದಿನವೂ ಮಾಡುತ್ತಿರುತ್ತೇವೆ. ಮದುವೆ, ನೌಕರಿ, ವ್ಯಾಪಾರದ ಪಾಲುದಾರಿಕೆಯಂಥ ದೊಡ್ಡ ತೀರ್ಮಾನಗಳು ಆ ಅಳತೆಯನ್ನೇ ನಂಬಿರುತ್ತವೆ. ಅಷ್ಟು ಮುಖ್ಯವಾದ ಕೆಲಸವನ್ನು ಸರಿಯಾದ ಕ್ರಮದಲ್ಲಿ ಕಲಿಯುವುದು ಒಳ್ಳೆಯದು.

ಮನಶ್ಶಾಸ್ತ್ರ ಇದಕ್ಕೆ ಒಂದು ದಾರಿ ತೋರಿಸಿದೆ. ಜನರನ್ನು ‘ಬಗೆ’ಗಳಾಗಿ ವಿಂಗಡಿಸುವುದನ್ನು ಬಿಟ್ಟು, ಎಲ್ಲರಲ್ಲೂ ಇರುವ ಐದು ವಿಶಾಲ ಗುಣಗಳು ಯಾರಲ್ಲಿ ಎಷ್ಟಿವೆ ಎಂದು ನೋಡುವ ದಾರಿ ಅದು. ಅದನ್ನು ಮನೆಯಲ್ಲೇ, ಒಂದು ನೋಟ್‌ಬುಕ್ ಇಟ್ಟುಕೊಂಡು ಹೇಗೆ ಅನುಸರಿಸಬಹುದು ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಪೆಟ್ಟಿಗೆಗಳನ್ನು ಬದಿಗಿಡಿ

ನಾಲ್ಕು ಅಕ್ಷರಗಳ ಆ ಪರೀಕ್ಷೆಯ ಹೆಸರು ಮೈಯರ್ಸ್-ಬ್ರಿಗ್ಸ್. ಕಾರ್ಲ್ ಯುಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ತಾಯಿ-ಮಗಳಾದ ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್ ಇದನ್ನು ರೂಪಿಸಿದರು. ಇದು ಮನುಷ್ಯರನ್ನು 16 ಬಗೆಗಳಾಗಿ ಹಂಚುತ್ತದೆ. ತೊಡಕು ಇರುವುದು ಆ ಹಂಚಿಕೆಯಲ್ಲೇ. ಮನುಷ್ಯರ ಗುಣಗಳು ಎತ್ತರದ ಹಾಗೆ: ಬಹಳ ಕುಳ್ಳರು ಕೆಲವರು, ಬಹಳ ಎತ್ತರದವರು ಕೆಲವರು, ಉಳಿದ ಹೆಚ್ಚಿನವರೆಲ್ಲ ನಡುವೆ. ನಟ್ಟನಡುವೆ ಗೆರೆ ಎಳೆದು ಒಂದು ಬದಿಯವರನ್ನು ‘ಅಂತರ್ಮುಖಿ’, ಇನ್ನೊಂದು ಬದಿಯವರನ್ನು ‘ಬಹಿರ್ಮುಖಿ’ ಎಂದು ಕರೆದರೆ, ಗೆರೆಯ ಅಕ್ಕಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರು ಬೇರೆ ಬೇರೆ ಜಾತಿಯವರಂತೆ ಕಾಣುತ್ತಾರೆ. ಕೆಲವು ವಾರಗಳ ಬಳಿಕ ಅದೇ ಪರೀಕ್ಷೆ ಮತ್ತೆ ಬರೆದಾಗ ಅಕ್ಷರ ಬದಲಾಗುವವರು ಸಾಕಷ್ಟಿರುವುದು ಇದೇ ಕಾರಣಕ್ಕೆ.

ಆದರೂ ಫಲಿತಾಂಶ ಓದಿದವರು ‘ನನ್ನ ಬಗ್ಗೆಯೇ ಬರೆದಂತಿದೆ’ ಎನ್ನುತ್ತಾರಲ್ಲ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿಮ್ಮ ವ್ಯಕ್ತಿತ್ವ’ ಎಂದು ಒಂದು ವರದಿ ಹಂಚಿದ. ಎಷ್ಟು ಸರಿಯಾಗಿದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ. ಅದರ ವಾಕ್ಯಗಳನ್ನು ಅವನು ಜ್ಯೋತಿಷ್ಯದ ಪುಸ್ತಕದಿಂದ ಆಯ್ದಿದ್ದ. ‘ಹೊರಗೆ ಶಿಸ್ತಿನವರು, ಒಳಗೆ ಸ್ವಲ್ಪ ಅಳುಕು’ ಎಂಬಂಥ ಮಾತು ಯಾರಿಗೆ ಹೊಂದುವುದಿಲ್ಲ? ಆದ್ದರಿಂದ ವರದಿ ಹಿತವೆನಿಸಿತು ಎಂಬುದನ್ನು ಅದು ನಿಜವೆಂಬುದಕ್ಕೆ ಪುರಾವೆಯಾಗಿ ಎಣಿಸಬೇಡಿ.

ಹಂತ 2: ಐದು ಗುಣಗಳನ್ನು ಪರಿಚಯ ಮಾಡಿಕೊಳ್ಳಿ

ಈ ಐದು ಯಾರೋ ಒಬ್ಬರು ಕುಳಿತು ಯೋಚಿಸಿ ಹೊರಡಿಸಿದ ಪಟ್ಟಿಯಲ್ಲ. ಮನುಷ್ಯರಲ್ಲಿ ಮುಖ್ಯವಾದ ವ್ಯತ್ಯಾಸ ಏನೇ ಇದ್ದರೂ ಅದಕ್ಕೆ ಜನ ಒಂದು ಮಾತನ್ನು ಹುಟ್ಟಿಸಿಕೊಂಡೇ ಇರುತ್ತಾರೆ ಎಂಬ ನಂಬಿಕೆಯಿಂದ 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ರೇಮಂಡ್ ಕ್ಯಾಟೆಲ್ ಅವನ್ನು ಗುಂಪುಗೂಡಿಸಿ 16 ಅಂಶಗಳಿಗೆ ಇಳಿಸಿದ. 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿಯುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್, ಹಲವು ಗುಂಪುಗಳ ಅಂಕಿಅಂಶಗಳಲ್ಲಿ ಮತ್ತೆ ಮತ್ತೆ ಐದೇ ಅಂಶಗಳು ಮೇಲೆದ್ದು ಬರುವುದನ್ನು ಕಂಡರು. ಮುಂದೆ ಲೂಯಿಸ್ ಗೋಲ್ಡ್‌ಬರ್ಗ್ ಅವಕ್ಕೆ ‘ಬಿಗ್ ಫೈವ್’ ಎಂಬ ಹೆಸರು ಕೊಟ್ಟರು. ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ಪ್ರತಿ ಗುಣಕ್ಕೂ ಆರು ಉಪಗುಣಗಳನ್ನು ಗುರುತಿಸಿ 240 ಹೇಳಿಕೆಗಳ ಪ್ರಶ್ನಾವಳಿ ರಚಿಸಿದರು.

ಮೊದಲನೆಯದು ಬಹಿರ್ಮುಖತೆ. ಜನರ ನಡುವೆ ಹುರುಪು ಏರುತ್ತದೆಯೇ ಇಳಿಯುತ್ತದೆಯೇ ಎಂಬುದು ಇದರ ತಿರುಳು. ಮಾತುಗಾರಿಕೆಯ ಜೊತೆಗೆ ಮುಂದಾಳುತನ, ಚಟುವಟಿಕೆ, ಉಲ್ಲಾಸವೂ ಇದರಲ್ಲಿ ಸೇರುತ್ತವೆ. ಲೋಕಲ್ ರೈಲಿನ ಭಜನಾ ಮಂಡಳಿಯಲ್ಲಿ ತಾಳ ಹಿಡಿದು ಸುತ್ತಲಿನವರನ್ನೂ ಹಾಡಿಸುವವರು ಒಂದು ತುದಿ. ಅದೇ ಡಬ್ಬಿಯ ಕಿಟಕಿಯ ಬಳಿ ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿದವರು ಇನ್ನೊಂದು ತುದಿಯವರಿರಬಹುದು; ಬರಿಯ ದಣಿದವರೂ ಇರಬಹುದು. ಒಂದೇ ನೋಟದಿಂದ ಗುಣ ನಿರ್ಧರಿಸಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಅಂತರ್ಮುಖತೆಯೇ ನಾಚಿಕೆ ಎಂದೂ ತಿಳಿಯಬೇಡಿ. ನಾಚಿಕೆಯಲ್ಲಿ ಅಳುಕು ಇರುತ್ತದೆ. ಅಂತರ್ಮುಖಿಗೆ ಅಳುಕಿಲ್ಲ, ಗದ್ದಲ ಬೇಡ ಅಷ್ಟೆ.

ಎರಡನೆಯದು ಕರ್ತವ್ಯನಿಷ್ಠೆ: ಅಚ್ಚುಕಟ್ಟು, ಹಿಡಿದ ಕೆಲಸ ಮುಗಿಸುವ ಹಟ, ಇಂದಿನ ಆಸೆಯನ್ನು ನಾಳೆಗಾಗಿ ತಡೆದುಕೊಳ್ಳುವ ಶಕ್ತಿ. ಊರಿನಿಂದ ಹುಡುಗರಾಗಿ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ಪರಂಪರೆ ಈ ನಗರದ ಕನ್ನಡಿಗರಿಗಿದೆ. ಈ ಗುಣ ಏನೆಂದು ನಮ್ಮ ಮಕ್ಕಳಿಗೆ ತಿಳಿಸಲು ಬೇರೆ ಪಾಠ ಬೇಕಿಲ್ಲ. ಯಾವುದೇ ನೌಕರಿಯಲ್ಲಿ ಕೆಲಸದ ಗುಣಮಟ್ಟವನ್ನು ಮುಂಗಾಣಲು ಐದರಲ್ಲಿ ಹೆಚ್ಚು ನೆರವಾಗುವುದು ಇದೇ ಎಂದು ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಅತಿಯಾದರೆ ಇದಕ್ಕೂ ಬೆಲೆ ತೆರಬೇಕು: ಯೋಜನೆ ತಪ್ಪಿದಾಗ ಕಂಗೆಡುವುದು, ಇನ್ನೊಬ್ಬರು ಮಾಡಿದ ಕೆಲಸ ಒಪ್ಪದಿರುವುದು.

ಮೂರನೆಯದು ಸೌಹಾರ್ದ. ನಂಬುವುದು, ಬಿಟ್ಟುಕೊಡುವುದು, ಮರುಗುವುದು ಇದರ ಲಕ್ಷಣ. ಕಡಿಮೆ ಇರುವವರನ್ನು ಕೆಟ್ಟವರೆಂದು ಎಣಿಸಬೇಡಿ. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಬಿಲ್ಡರನಿಗೆ ಎದುರಾಗಿ ಕಠಿಣ ಪ್ರಶ್ನೆ ಕೇಳಲು ಅಂಥವರೇ ಬೇಕಾಗುತ್ತಾರೆ. ಹೆಚ್ಚು ಇರುವವರಿಗೆ ‘ಆಗುವುದಿಲ್ಲ’ ಎನ್ನುವುದೇ ಕಷ್ಟ, ಕೈಸಾಲ ಕೊಟ್ಟು ಕೇಳಲಾಗದೆ ಒದ್ದಾಡುವವರು ಇವರೇ.

ನಾಲ್ಕನೆಯದನ್ನು ಕಳವಳದ ಒಲವು ಎನ್ನೋಣ. ಚಿಂತೆ, ಸಿಡುಕು, ಬೇಸರ ಎಷ್ಟು ಬೇಗ ಏಳುತ್ತವೆ, ಎಷ್ಟು ಹೊತ್ತು ಉಳಿಯುತ್ತವೆ ಎಂಬುದರ ಅಳತೆ ಇದು. ಐದರಲ್ಲಿ ಹೆಚ್ಚು ತಪ್ಪಾಗಿ ತಿಳಿದುಕೊಳ್ಳಲಾಗುವ ಗುಣವೂ ಇದೇ. ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಬುದ್ಧಿವಾದ ಕೇಳಿ ಕೇಳಿ, ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಬೆಳೆದವರು ನಮ್ಮ ಮನೆಗಳಲ್ಲಿ ಬಹಳ ಜನ. ಒಂದೇ ಎಚ್ಚರಿಕೆಯ ಗಂಟೆ ಕೆಲವರಲ್ಲಿ ಮೆಲ್ಲಗೆ, ಕೆಲವರಲ್ಲಿ ಜೋರಾಗಿ ಮೊಳಗುತ್ತದೆ. ಜುಲೈ ಮಳೆಗೆ ಹಳಿಯ ಮೇಲೆ ನೀರು ನಿಂತಾಗ ಮೂರು ಬಾರಿ ಫೋನ್ ಮಾಡಿ ‘ಎಲ್ಲಿದ್ದೀಯಾ?’ ಎಂದು ಕೇಳುವ ಅತ್ತೆಗೆ ಸೊಸೆಯ ಮೇಲೆ ಅಪನಂಬಿಕೆ ಇರಬೇಕೆಂದಿಲ್ಲ. ಅವರ ಗಂಟೆ ಜೋರು ಇರಬಹುದು. ಇಷ್ಟು ತಿಳಿದರೆ ಎಷ್ಟೋ ಮನೆಗಳ ಜಗಳ ತಣ್ಣಗಾಗುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಐದನೆಯದು ಹೊಸತಿಗೆ ತೆರೆದ ಮನಸ್ಸು: ಕಲ್ಪನೆ, ಕಲೆಯ ಸೆಳೆತ, ವಿಚಾರಗಳ ಕುತೂಹಲ. ಇದನ್ನು ಬುದ್ಧಿವಂತಿಕೆ ಎಂದೋ ಆಧುನಿಕತೆ ಎಂದೋ ಓದಿಕೊಳ್ಳಬೇಡಿ. ಮೊಬೈಲ್ ಬಳಸಲು ಬಾರದ ಅಜ್ಜ ಯಕ್ಷಗಾನದ ಹೊಸ ಪ್ರಸಂಗದ ಬಗ್ಗೆ ರಾತ್ರಿಯಿಡೀ ಚರ್ಚಿಸಬಲ್ಲರಾದರೆ ಅವರಲ್ಲಿ ಈ ಗುಣ ತುಂಬಿದೆ.

ಸಾಂಖ್ಯದ ಸತ್ವ, ರಜಸ್ಸು, ತಮಸ್ಸುಗಳನ್ನು ಈ ಪಟ್ಟಿಗೆ ಹೊಂದಿಸಬಹುದೇ ಎಂಬ ಪ್ರಶ್ನೆ ನಮ್ಮವರಲ್ಲಿ ಏಳುವುದು ಸಹಜ. ಒಂದು ಮಾತಿನಲ್ಲಿ ಎರಡೂ ಕೂಡುತ್ತವೆ: ಗೀತೆಯ 14ನೇ ಅಧ್ಯಾಯವೂ ಮೂರು ಗುಣಗಳು ಸೇರಿಕೊಂಡೇ ಇದ್ದು, ಒಮ್ಮೆ ಒಂದು ಉಳಿದೆರಡನ್ನು ಮೀರುತ್ತದೆ ಎನ್ನುತ್ತದೆ. ಆದರೆ ಅಲ್ಲಿ ಸತ್ವಕ್ಕೆ ಏರಿ, ಕೊನೆಗೆ ಮೂರನ್ನೂ ದಾಟುವ ಗುರಿಯಿದೆ. ಇಲ್ಲಿ ಮೇಲು-ಕೀಳಿಲ್ಲ. ಒಂದನ್ನು ಇನ್ನೊಂದಕ್ಕೆ ತಗುಲಿಸದಿರುವುದೇ ಲೇಸು.

ಹಂತ 3: ಎರಡು ವಾರ ನಡತೆಯನ್ನು ಬರೆದಿಡಿ

‘ನಾನು ಹೀಗೆ’ ಎಂಬ ತೀರ್ಪಿನಿಂದ ಶುರು ಮಾಡಬೇಡಿ, ನಡೆದದ್ದರಿಂದ ಶುರು ಮಾಡಿ. ದಿನಕ್ಕೆ ಎರಡು ಘಟನೆ ಸಾಕು; ಮನೆಗೆ ಮರಳುವ ರೈಲಿನಲ್ಲಿ ಕೂರಲು ಜಾಗ ಸಿಕ್ಕರೆ ಅಲ್ಲೇ ಬರೆಯಬಹುದು. ಎಲ್ಲಿ, ಯಾರ ಜೊತೆ, ಏನು ಮಾಡಿದಿರಿ, ಒಳಗೆ ಏನನ್ನಿಸಿತು ಎಂಬ ನಾಲ್ಕನ್ನು ಬರೆಯಿರಿ. ‘ಸಭೆಯಲ್ಲಿ ನನ್ನ ಸಲಹೆಯನ್ನು ಬೇರೆಯವರು ತಮ್ಮದೆಂದು ಹೇಳಿದರು; ಸುಮ್ಮನಿದ್ದೆ; ರಾತ್ರಿ ಹನ್ನೊಂದರವರೆಗೆ ಅದೇ ಯೋಚನೆ’ ಎಂಬ ಒಂದು ಸಾಲಿನಲ್ಲಿ ಸೌಹಾರ್ದ, ಕಳವಳ ಎರಡರ ಸುಳಿವೂ ಇದೆ.

ಘಟನೆಗಳು ಬೇರೆ ಬೇರೆ ಜಾಗದವಾಗಿರಲಿ. 1968ರಲ್ಲಿ ವಾಲ್ಟರ್ ಮಿಶೆಲ್ ಎತ್ತಿದ ಆಕ್ಷೇಪ ಮನಶ್ಶಾಸ್ತ್ರವನ್ನೇ ಅಲುಗಿಸಿತ್ತು: ಒಂದು ಸನ್ನಿವೇಶದ ನಡತೆಯಿಂದ ಇನ್ನೊಂದು ಸನ್ನಿವೇಶದ ನಡತೆಯನ್ನು ಊಹಿಸಲು ಗುಣಗಳು ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ ಎಂದ ಅವನು. ವರ್ಷಗಟ್ಟಲೆ ನಡೆದ ವಾದದಿಂದ ಸಿಕ್ಕ ತಿಳಿವಳಿಕೆ ನಮಗೆ ಉಪಯುಕ್ತ. ಒಂದೇ ಘಟನೆಯಿಂದ ಏನೂ ಹೇಳಲಾಗದು. ಹಲವು ಘಟನೆಗಳ ಸರಾಸರಿ ಮಾತ್ರ ಮನುಷ್ಯನನ್ನು ಸ್ಥಿರವಾಗಿ ತೋರಿಸುತ್ತದೆ. ನೋಟ್‌ಬುಕ್ ಬೇಕಾಗುವುದು ಅದಕ್ಕೆ.

ಹಂತ 4: ಅಂಕ ಕೊಟ್ಟುಕೊಳ್ಳಿ

ಕೆಳಗಿನ ಹತ್ತು ಹೇಳಿಕೆಗಳಿಗೆ 1ರಿಂದ 5ರವರೆಗೆ ಅಂಕ ಕೊಡಿ. ಸ್ವಲ್ಪವೂ ಹೊಂದದಿದ್ದರೆ 1, ಪೂರ್ತಿ ಹೊಂದಿದರೆ 5. ಇವನ್ನು ಅಭ್ಯಾಸಕ್ಕಾಗಿ ನಾನೇ ಬರೆದಿದ್ದೇನೆ. ಪ್ರಮಾಣೀಕೃತ ಪರೀಕ್ಷೆಯೆಂದು ಇದನ್ನು ಬಳಸಬೇಡಿ.

1. ಸಂಘದ ಕಾರ್ಯಕ್ರಮದಲ್ಲಿ ಪರಿಚಯವಿಲ್ಲದವರನ್ನು ನಾನಾಗಿಯೇ ಮಾತನಾಡಿಸುತ್ತೇನೆ.
2. ಯಾರೂ ಬಾರದ, ಎಲ್ಲಿಗೂ ಹೋಗದ ಭಾನುವಾರವೇ ನನಗೆ ಹಿತ.
3. ಬಿಲ್ಲು, ಕಂತು, ಕಾಗದಪತ್ರಗಳನ್ನು ಕೊನೆಯ ದಿನಕ್ಕೆ ಮುಂಚೆಯೇ ಮುಗಿಸುತ್ತೇನೆ.
4. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತೇನೆ.
5. ಬೇರೆಯವರ ಕಷ್ಟ ಕಂಡರೆ ನನ್ನ ಕೆಲಸ ಬದಿಗಿಟ್ಟು ನೆರವಾಗುತ್ತೇನೆ.
6. ಎದುರಿನವರಿಗೆ ನೋವಾದರೂ ವಾದದಲ್ಲಿ ನನ್ನ ಮಾತು ಗೆಲ್ಲಬೇಕು.
7. ಸಣ್ಣ ವಿಷಯವೂ ನನ್ನ ನಿದ್ದೆ ಕೆಡಿಸುತ್ತದೆ.
8. ಒತ್ತಡದ ಹೊತ್ತಿನಲ್ಲೂ ಸಮಾಧಾನದಿಂದ ಇರುತ್ತೇನೆ.
9. ನನಗೆ ತಿಳಿಯದ ಭಾಷೆಯ ನಾಟಕ, ಕೇಳಿರದ ಬಗೆಯ ಸಂಗೀತ ನನ್ನನ್ನು ಸೆಳೆಯುತ್ತವೆ.
10. ಹೊಸ ವಿಚಾರಗಳ ಚರ್ಚೆ ನನಗೆ ಬೇಸರ ತರಿಸುತ್ತದೆ.

ಸಮಸಂಖ್ಯೆಯ ಹೇಳಿಕೆಗಳು ತಿರುಗುಮುರುಗಾಗಿವೆ. ಅವಕ್ಕೆ ಕೊಟ್ಟ ಅಂಕವನ್ನು 6ರಿಂದ ಕಳೆಯಿರಿ: 2 ಕೊಟ್ಟಿದ್ದರೆ 4 ಎಂದು ಬರೆದುಕೊಳ್ಳಿ. ಕೇಳಿದ್ದಕ್ಕೆಲ್ಲ ‘ಹೌದು’ ಎನ್ನುವ ಅಭ್ಯಾಸ ಹಲವರಿಗಿರುತ್ತದೆ. ಅದರ ಪ್ರಭಾವ ತಗ್ಗಿಸುವ ಉಪಾಯ ಇದು. ಬಳಿಕ ಎರಡೆರಡನ್ನು ಜೋಡಿ ಮಾಡಿ ಸರಾಸರಿ ತೆಗೆಯಿರಿ. ಕ್ರಮವಾಗಿ ಬಹಿರ್ಮುಖತೆ, ಕರ್ತವ್ಯನಿಷ್ಠೆ, ಸೌಹಾರ್ದ, ಕಳವಳದ ಒಲವು, ತೆರೆದ ಮನಸ್ಸು ಸಿಗುತ್ತವೆ. ಪ್ರತಿ ಅಂಕದ ಮುಂದೆ ನೋಟ್‌ಬುಕ್ಕಿನಿಂದ ಎರಡು ಘಟನೆ ಬರೆಯಿರಿ. ಘಟನೆ ಸಿಗದಿದ್ದರೆ ಆ ಅಂಕಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಹೆಚ್ಚು ನಿಖರತೆ ಬೇಕಾದವರಿಗೆ ಗೋಲ್ಡ್‌ಬರ್ಗ್ ಆರಂಭಿಸಿದ ಇಂಟರ್‌ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್ ಇದೆ. ಅದರ ಹೇಳಿಕೆಗಳು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದವು. ಅದರಿಂದ ರೂಪಿಸಿದ 120 ಹೇಳಿಕೆಗಳ ಆವೃತ್ತಿಯೊಂದು ಉಪಗುಣಗಳನ್ನೂ ತೋರಿಸುತ್ತದೆ.

ಹಂತ 5: ಎರಡು ಬೇರೆ ಜಾಗದವರನ್ನು ಕೇಳಿ

ಮನೆಯವರೊಬ್ಬರು, ಮನೆಯ ಹೊರಗಿನವರೊಬ್ಬರು ಅದೇ ಹತ್ತು ಹೇಳಿಕೆಗಳಿಗೆ ನಿಮ್ಮ ಬಗ್ಗೆ ಅಂಕ ಕೊಡಲಿ. ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕಳವಳದಂಥ ಒಳಗಿನ ಸಂಗತಿಗಳಲ್ಲಿ ನಮ್ಮ ತೀರ್ಪು ಹೆಚ್ಚು ಸರಿ. ಬುದ್ಧಿ, ಸೃಜನಶೀಲತೆಯಂಥ ಹೆಮ್ಮೆ ಅಂಟಿಕೊಂಡಿರುವ ಗುಣಗಳಲ್ಲಿ ನಮ್ಮನ್ನು ಹತ್ತಿರದಿಂದ ಬಲ್ಲವರ ತೀರ್ಪು ಹೆಚ್ಚು ಸರಿ. ಆದ್ದರಿಂದ ಅಂಕಗಳು ಬೇರೆಯಾದಾಗ ಎಲ್ಲದಕ್ಕೂ ಒಂದೇ ನಿಯಮ ಹಚ್ಚಬೇಡಿ. ನಿಮ್ಮ ಚಿಂತೆಯ ಬಗ್ಗೆ ನಿಮ್ಮ ಅಂಕವನ್ನೇ ನಂಬಿ. ನಿಮ್ಮ ಕಲ್ಪನಾಶಕ್ತಿಯ ಬಗ್ಗೆ ಗೆಳೆಯರ ಅಂಕಕ್ಕೆ ಕಿವಿಗೊಡಿ.

ನಿಮ್ಮ ಕೈಕೆಳಗೆ ದುಡಿಯುವವರನ್ನು ಮಾತ್ರ ಕೇಳಬೇಡಿ. ಅವರು ನಿಜ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಹಂತ 6: ನಗರದ ಪಾಲನ್ನು ಕಳೆಯಿರಿ

ಹೊರಗಿನ ಮಾರ್ಗದರ್ಶಿಗಳು ಈ ಹಂತವನ್ನು ಹೇಳುವುದಿಲ್ಲ. ನಮಗೆ ಇದು ಅತ್ಯಗತ್ಯ. ಮುಂಬಯಿ ತನ್ನ ಲಯವನ್ನು ಎಲ್ಲರ ಮೇಲೂ ಹೇರುತ್ತದೆ. ರೈಲಿನ ವೇಳಾಪಟ್ಟಿಗೆ ಬದುಕು ಕಟ್ಟಿಕೊಂಡವರು ಸಮಯಪಾಲಕರಾಗಿ ಕಾಣುತ್ತಾರೆ. ಊರಿಗೆ ಹೋದ ಹದಿನೈದು ದಿನದಲ್ಲಿ ಅದು ಉಳಿಯುತ್ತದೆಯೇ ನೋಡಿ. ಮತ್ಸ್ಯಗಂಧ ರೈಲು ಇಳಿದು ಮನೆಯ ಜಗಲಿಯಲ್ಲಿ ಕುಳಿತ ಮೇಲೂ ಮರುದಿನದ ಕೆಲಸಗಳನ್ನು ಪಟ್ಟಿ ಮಾಡುತ್ತಿದ್ದರೆ ಆ ಶಿಸ್ತು ನಿಮ್ಮದು. ನೂರು ಜನರ ನಡುವೆ ದಿನವಿಡೀ ಇದ್ದು ಮನೆಯಲ್ಲಿ ಮಾತು ಬೇಡವೆನಿಸಿದರೆ ಅಂತರ್ಮುಖಿ ಎಂದು ಬರೆದುಕೊಳ್ಳುವ ಮೊದಲು ಒಂದು ರಜೆ ಕಾಯಿರಿ. ಚಾಳಿನ ಒಂದೇ ಕೋಣೆಯಲ್ಲಿ ಆರು ಜನ ಬಾಳಿದ ಮನೆಯ ಮಕ್ಕಳು ಬಿಟ್ಟುಕೊಡುವುದನ್ನು ಕಲಿತೇ ಇರುತ್ತಾರೆ; ಅದರಲ್ಲಿ ಸ್ವಭಾವ ಎಷ್ಟು, ಅನಿವಾರ್ಯತೆ ಎಷ್ಟು ಎಂದು ಬಿಡಿಸಿ ನೋಡಬೇಕು.

ಇನ್ನೊಂದು ಬಲೆ ಹೋಲಿಕೆಯದು. ನಾವು ಅಂಕ ಕೊಡುವಾಗ ಸುತ್ತಲಿನವರ ಜೊತೆ ಹೋಲಿಸಿಕೊಳ್ಳುತ್ತೇವೆ. ನಸುಕಿಗೇ ಶಟರ್ ಎತ್ತುವ ಅಣ್ಣನ ಪಕ್ಕದಲ್ಲಿ ಬೆಳೆದ ತಮ್ಮ, ಯಾವ ಕಚೇರಿಯಲ್ಲೂ ಶಿಸ್ತಿನವನೆನಿಸಿಕೊಳ್ಳಬಲ್ಲವನಾದರೂ, ತನಗೆ 2 ಅಂಕ ಕೊಟ್ಟುಕೊಳ್ಳುತ್ತಾನೆ. ಭಾಷೆಯೂ ಅಡ್ಡ ಬರುತ್ತದೆ: ಮರಾಠಿ, ಹಿಂದಿ, ಇಂಗ್ಲಿಷ್ ನಡೆಯುವ ಸಭೆಯಲ್ಲಿ ಮೌನಿಯಾದವರು ಕರ್ನಾಟಕ ಸಂಘದ ವೇದಿಕೆಯಲ್ಲಿ ಮೈಕು ಬಿಡದಿರಬಹುದು. ಯಾವ ಭಾಷೆಯಲ್ಲಿ ನಡೆದ ಘಟನೆ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ.

ಮಾದರಿಗೂ ಮಿತಿಯಿದೆ. ಹೆಚ್ಚಿನವರಿಗೆ ಓದುಬರಹ ಬಾರದ, ಬೊಲಿವಿಯಾದ ಚಿಮಾನೆ ಬುಡಕಟ್ಟು ಸಮುದಾಯದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಐದು ಗುಣಗಳ ವಿನ್ಯಾಸ ಸ್ಪಷ್ಟವಾಗಿ ಕಾಣಲಿಲ್ಲ. ಹೆಚ್ಚಿನ ಸಂಶೋಧನೆ ನಡೆದಿರುವುದು ಓದುಬರಹ ಬಲ್ಲ ಸಮಾಜಗಳಲ್ಲಿ. ಪ್ರಾಮಾಣಿಕತೆ-ವಿನಯವನ್ನು ಆರನೆಯ ಗುಣವಾಗಿ ಸೇರಿಸಬೇಕೆಂದು ಮೈಕೆಲ್ ಆಷ್ಟನ್ ಮತ್ತು ಕಿಬೊಮ್ ಲೀ ವಾದಿಸುತ್ತಾರೆ. ಗಲ್ಲಾಕ್ಕೆ ಜನ ಹುಡುಕುವವರಿಗೆ ಆ ವಾದ ಕೂಡಲೇ ಅರ್ಥವಾಗುತ್ತದೆ.

ಹಂತ 7: ಗುಣಗಳನ್ನು ಕೂಡಿಸಿ ಓದಿ

ಬಿಡಿ ಅಂಕಕ್ಕಿಂತ ಎರಡು ಗುಣ ಕೂಡುವಲ್ಲಿ ಮನುಷ್ಯ ಕಾಣುತ್ತಾನೆ. ಕರ್ತವ್ಯನಿಷ್ಠೆ, ಕಳವಳ ಎರಡೂ ಹೆಚ್ಚಿದ್ದರೆ ಕೆಲಸ ಅಚ್ಚುಕಟ್ಟು, ಆದರೆ ಮುಗಿದ ಮೇಲೂ ನೆಮ್ಮದಿಯಿಲ್ಲ. ಬಹಿರ್ಮುಖತೆ ಹೆಚ್ಚು, ಸೌಹಾರ್ದ ಕಡಿಮೆ ಇದ್ದವರು ಗುಂಪನ್ನು ಮುನ್ನಡೆಸುತ್ತಾರೆ, ಗಾಯವನ್ನೂ ಮಾಡುತ್ತಾರೆ. ಅಂತರ್ಮುಖಿಯಾಗಿ ಸೌಹಾರ್ದ ಹೆಚ್ಚಿದ್ದವರು ಸಂಘದ ಕಾರ್ಯಕ್ರಮದಲ್ಲಿ ವೇದಿಕೆಗೆ ಬಾರದೆ ಊಟದ ವ್ಯವಸ್ಥೆ ನೋಡಿಕೊಳ್ಳುವವರು. ಅವರನ್ನು ‘ಬೆರೆಯುವುದಿಲ್ಲ’ ಎನ್ನುವುದು ಅನ್ಯಾಯ.

ನಿಮ್ಮ ಅಂಕಗಳು 3ರ ಆಸುಪಾಸಿನಲ್ಲೇ ಇದ್ದರೆ ನಿರಾಶರಾಗಬೇಡಿ. ಹೆಚ್ಚಿನವರು ಇರುವುದೇ ನಡುವೆ. ನಡುವಿನವರು ಎರಡೂ ಕಡೆಗೆ ಸುಲಭವಾಗಿ ವಾಲಬಲ್ಲರು.

ಹಂತ 8: ಬಳಸಿ, ಆದರೆ ಎಲ್ಲಿ ಬಳಸಬಾರದೆಂದು ತಿಳಿದು

ಕೆಲಸದ ರೀತಿ ಹೊಂದಿಸಿಕೊಳ್ಳಲು ಬಳಸಿ. ಕರ್ತವ್ಯನಿಷ್ಠೆ ಕಡಿಮೆಯಿದ್ದರೆ ಮನಸ್ಸಿನ ಬಲವನ್ನು ನೆಚ್ಚದೆ ಕಂತುಗಳನ್ನು ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಿ. ಕಳವಳ ಹೆಚ್ಚಿದ್ದರೆ ದೊಡ್ಡ ತೀರ್ಮಾನಗಳನ್ನು ರಾತ್ರಿ ತೆಗೆದುಕೊಳ್ಳಬೇಡಿ. ಸೌಹಾರ್ದ ಹೆಚ್ಚಿದ್ದರೆ ‘ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇನೆ’ ಎಂಬ ಒಂದು ವಾಕ್ಯವನ್ನು ಅಭ್ಯಾಸ ಮಾಡಿಕೊಳ್ಳಿ. ಗಂಡ-ಹೆಂಡತಿ ಇಬ್ಬರೂ ತಮ್ಮ ತಮ್ಮ ಹಾಳೆ ತೆಗೆದು, ಹೆಚ್ಚು ಅಂತರವಿರುವ ಒಂದೇ ಗುಣದ ಬಗ್ಗೆ ಮಾತನಾಡಲಿ. ‘ನೀನು ಯಾಕೆ ಹೀಗೆ?’ ಎಂದು ಕೇಳದೆ, ‘ಶನಿವಾರ ನೆಂಟರ ಮನೆ, ಭಾನುವಾರ ನಮ್ಮದು’ ಎಂಬಂಥ ಒಪ್ಪಂದಕ್ಕೆ ಬರಲಿ.

ಹುಡುಗ-ಹುಡುಗಿಯನ್ನು ತಿರಸ್ಕರಿಸಲು ಇದನ್ನು ಬಳಸಬೇಡಿ. ಮಕ್ಕಳಿಗೆ ಹಣೆಪಟ್ಟಿ ಹಚ್ಚಲಂತೂ ಬೇಡವೇ ಬೇಡ. ಹದಿಹರೆಯದಲ್ಲಿ ಗುಣಗಳು ಇನ್ನೂ ಕದಲುತ್ತಿರುತ್ತವೆ.

ಹಂತ 9: ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಅವಳಿಗಳ ಅಧ್ಯಯನಗಳು ಜನರ ನಡುವಿನ ಗುಣವ್ಯತ್ಯಾಸದಲ್ಲಿ ಸುಮಾರು 40ರಿಂದ 50 ಪ್ರತಿಶತ ಅನುವಂಶೀಯತೆಯಿಂದ ಬರುತ್ತದೆ ಎನ್ನುತ್ತವೆ. ಗುಂಪಿನ ಲೆಕ್ಕ ಇದು; ನಿಮ್ಮ ಸಿಟ್ಟಿನಲ್ಲಿ ಅರ್ಧ ತಂದೆಯದು ಎಂದು ಇದರರ್ಥವಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ 92 ದೀರ್ಘಕಾಲದ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ವಯಸ್ಸಾದಂತೆ ಕರ್ತವ್ಯನಿಷ್ಠೆ ಏರುವುದು, ಕಳವಳ ಇಳಿಯುವುದು ಕಂಡಿತು. ಇಪ್ಪತ್ತರಿಂದ ನಲವತ್ತರ ನಡುವೆ ಈ ಬದಲಾವಣೆ ಹೆಚ್ಚು. ರಾಬರ್ಟ್ಸ್ ಸಂಗಡಿಗರದೇ 2017ರ ವಿಮರ್ಶೆ 207 ಅಧ್ಯಯನಗಳನ್ನು ಪರಿಶೀಲಿಸಿ, ಮನೋಚಿಕಿತ್ಸೆಯಂಥ ನೆರವಿನಿಂದ ಗುಣಗಳು ಬದಲಾಗುತ್ತವೆ, ಅದರಲ್ಲೂ ಕಳವಳದ ಒಲವು ಹೆಚ್ಚು ತಗ್ಗುತ್ತದೆ ಎಂದು ತೋರಿಸಿತು. ಹಾಗಾಗಿ ಹಾಳೆಯ ಮೇಲೆ ದಿನಾಂಕ ಬರೆಯಿರಿ. ಒಂದು ವರ್ಷದ ಬಳಿಕ ಹಳೆಯ ಅಂಕ ನೋಡದೆ ಮತ್ತೆ ಬರೆದು ಹೋಲಿಸಿ.

ಗುಣ ಬೇರೆ, ಕಾಯಿಲೆ ಬೇರೆ. ಕಳವಳದ ಒಲವು ಬದಲಾದರೂ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬದಲಾಗುತ್ತದೆ. ಎರಡು ವಾರಕ್ಕೂ ಮೀರಿ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ಬೇಡವಾದರೆ, ನಿದ್ದೆ-ಹಸಿವು ಕೆಟ್ಟರೆ, ಸಾಯುವ ಯೋಚನೆ ಬಂದರೆ ಅದನ್ನು ‘ನನ್ನ ಸ್ವಭಾವವೇ ಹೀಗೆ’ ಎಂದು ತಳ್ಳಿಹಾಕಬೇಡಿ, ಮನೆಯವರಲ್ಲಿ ಕಂಡರೆ ಅವರಿಗೂ ಹಾಗೆ ಹೇಳಲು ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ವೈದ್ಯರನ್ನು ಕಾಣಲು ಹೋಗುವಾಗ ನಿಮ್ಮ ನೋಟ್‌ಬುಕ್ ಜೊತೆಗಿರಲಿ. ಹತ್ತು ಹೇಳಿಕೆಗಳ ಅಂಕಕ್ಕಿಂತ, ಯಾವ ದಿನದಿಂದ ಏನು ಬದಲಾಯಿತು ಎಂಬ ನಿಮ್ಮ ಸಾಲುಗಳು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.